ಘೋಳಿನ ಚರ್ಮದಿಂದ ಬಿಳಿ ಪುಡಿಯವರೆಗೆ

ಮುಂಬೈಯಲ್ಲಿ ಮೀನಿಗೆ ಬರವಿಲ್ಲ, ಮೀನಿನ ಚರ್ಮಕ್ಕೆ ಮಾತ್ರ ಬರ. ನಮ್ಮ ಊರಿನವರಂತೆ ಇಲ್ಲಿಯವರೂ ಬಂಗುಡೆಯನ್ನಾಗಲಿ ಸುರ್ಮಾಯಿಯನ್ನಾಗಲಿ ಚರ್ಮ ಸುಲಿದು ತಿನ್ನುವುದಿಲ್ಲ. ಮಾರ್ಕೆಟ್ಟಿನಲ್ಲಿ ಮೀನು ಕೊಯ್ದು ಕೊಡುವ ಹೆಂಗಸರ ಹತ್ತಿರ ಹೋಗಿ ಬರೀ ಚರ್ಮ ಬೇಕು ಅಂದರೆ ಬೆಕ್ಕಿಗಾ ಅಂತ ಕೇಳುತ್ತಾರೆ. ತಲೆ, ಕಿವಿರು, ಕರುಳು ಎಷ್ಟು ಬೇಕಾದರೂ ಕೊಟ್ಟಾರು. ಚರ್ಮ ಬೇರೆಯಾಗಿ ಸಿಗುವುದು ದೊಡ್ಡ ಹೋಟೆಲುಗಳಿಗೆ ಫಿಲೆಟ್ ಮಾಡಿ ಕೊಡುವವರಲ್ಲಿ. ಮೀನು ಬಂದರಾದ ಸಸೂನ್ ಡಾಕಿನ ಆಸುಪಾಸಿನಲ್ಲಿ ಅಂಥ ಕೆಲಸ ಮಾಡಿಸುವ ಗಂಗೊಳ್ಳಿ ಕಡೆಯ ಅಣ್ಣ ಒಬ್ಬರು ಸಿಕ್ಕಿದ್ದರಿಂದ ನನ್ನ ಪ್ರಾಜೆಕ್ಟ್ ಶುರುವಾಯಿತು.

"ಹ್ವಾಯ್, ಈ ಚರ್ಮ ತಕಂಡ್ ಎಂತ ಮಾಡ್ತ್ರಿ?" ಅಂತ ಮೊದಲ ದಿನವೇ ಕೇಳಿದರು. ಕೊಲಾಜೆನ್ ಅಂದರೆ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನು, ಅದನ್ನು ಚಿಕ್ಕ ತುಂಡು ಮಾಡಿದರೆ ಪೆಪ್ಟೈಡ್ ಅಂತೆಲ್ಲ ಹೇಳಿ, ಕೊನೆಗೆ ಒಂದು ಪುಡಿ ಬರುತ್ತದೆ ಅಂದೆ. "ಮೀನ್ ಬಿಟ್ಟ್ ಪುಡಿ ತಿಂಬುದ್ ಯಾರ್ ಮಾರಾಯ್ರೆ?" ಅಂದವರು ಆದರೂ ನನಗೆಂದು ಚರ್ಮವನ್ನು ಬೇರೆ ಕ್ರೇಟಿನಲ್ಲಿ ಐಸ್ ಹಾಕಿ ಇಡಿಸುತ್ತಿದ್ದರು.

ಅವರಲ್ಲಿ ಹೆಚ್ಚು ಬರುತ್ತಿದ್ದದ್ದು ಘೋಳ್. ಈ ಮೀನಿನ ಹೆಸರು ಪೇಪರಿನಲ್ಲಿ ಬರುವುದು ಅದರ ಹೊಟ್ಟೆಯೊಳಗಿನ ಗಾಳಿಚೀಲದ ದೆಸೆಯಿಂದ. ಪೂರ್ವ ಏಷ್ಯಾದ ದೇಶಗಳಿಗೆ ಅದು ಚಿನ್ನದ ಬೆಲೆಗೆ ಹೋಗುತ್ತದೆ. 2021ರಲ್ಲಿ ಪಾಲ್ಘರ್ ಜಿಲ್ಲೆಯ ಮುರ್ಬೆಯ ದೋಣಿಯೊಂದಕ್ಕೆ ನೂರೈವತ್ತಕ್ಕೂ ಹೆಚ್ಚು ಘೋಳ್ ಬಿದ್ದು, ಕೋಟಿ ರೂಪಾಯಿ ದಾಟಿ ಮಾರಾಟವಾದದ್ದು ದೊಡ್ಡ ಸುದ್ದಿಯಾಗಿತ್ತು. ಗಾಳಿಚೀಲ ಒಬ್ಬರಿಗೆ, ಮಾಂಸ ಇನ್ನೊಬ್ಬರಿಗೆ. ಚರ್ಮ ಫಿಶ್‌ಮೀಲಿಗೆ, ಅಂದರೆ ಮೇವಿನ ಮೀನುಪುಡಿಗೆ ಹೋಗುತ್ತದೆ, ಇಲ್ಲವೇ ಕಸಕ್ಕೆ. ದಪ್ಪ ಚರ್ಮ, ದೊಡ್ಡ ಹುರುಪೆ. ಲ್ಯಾಬಿನ ಕೆಲಸಕ್ಕೆ ದಪ್ಪ ಚರ್ಮವೇ ಒಳ್ಳೆಯದು. ತೆಳುವಾದದ್ದು ಹೆರೆಯುವಾಗಲೇ ಹರಿದುಹೋಗುತ್ತದೆ.

ಥರ್ಮೋಕೋಲ್ ಡಬ್ಬಿಯಲ್ಲಿ ಒಂದು ಪದರ ಐಸ್, ಒಂದು ಪದರ ಚರ್ಮ ಹಾಕಿ, ಚರ್ಚ್‌ಗೇಟಿನಿಂದ ಲೋಕಲಿನ ಲಗೇಜ್ ಡಬ್ಬಿಯಲ್ಲಿ ಬರುತ್ತಿದ್ದೆ. ಮಹಿಳಾ ಡಬ್ಬಿಗೆ ಅದನ್ನು ಹತ್ತಿಸಿದರೆ ಏನಾಗುತ್ತದೆ ಅಂತ ಮುಂಬೈಯವರಿಗೆ ಹೇಳಬೇಕಾಗಿಲ್ಲ. ಲಗೇಜ್ ಡಬ್ಬಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಕೋಲಿ ಹೆಂಗಸರು ಒಂದಿಷ್ಟು ಜಾಗ ಮಾಡಿಕೊಡುತ್ತಿದ್ದರು.

ಐಸ್ ಬೇಕಾದದ್ದು ಕೊಳೆಯದಿರಲು ಮಾತ್ರವಲ್ಲ. ಮೀನಿನ ಕೊಲಾಜೆನ್ ದನ, ಹಂದಿಗಳದ್ದರಷ್ಟು ಬಿಸಿ ತಡೆಯುವುದಿಲ್ಲ. ಮೂರು ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಅದರ ಹುರಿ ಒಂದು ತಾಪದ ಮೇಲೆ ಬಿಚ್ಚಿಹೋಗುತ್ತದೆ. ತಣ್ಣನೆಯ ಸಮುದ್ರದ ಕಾಡ್ ಮೀನಿನದು 15 ಡಿಗ್ರಿಯ ಸುತ್ತಲೇ ಬಿಚ್ಚಿಕೊಂಡರೆ, ನಮ್ಮ ಕಡಲಿನ ಮೀನುಗಳದ್ದು 30ರ ಆಸುಪಾಸಿನವರೆಗೆ ನಿಲ್ಲುತ್ತದೆ. ಎಳೆಯಲ್ಲಿ ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲಗಳು ಹೆಚ್ಚಿದ್ದಷ್ಟೂ ಹುರಿ ಗಟ್ಟಿ. ಮೀನು ಬದುಕುವ ನೀರು ಬೆಚ್ಚಗಿದ್ದಷ್ಟೂ ಅವುಗಳ ಪ್ರಮಾಣ ಹೆಚ್ಚು. ಮೇ ತಿಂಗಳ ಮುಂಬೈಯಲ್ಲಿ 30 ಡಿಗ್ರಿ ಅಂದರೆ ರಾತ್ರಿಯ ಹವೆ.

ಲ್ಯಾಬಿಗೆ ತಂದ ಮೇಲೆ ಮೊದಲು ಹುರುಪೆ ತೆಗೆಯಬೇಕು, ಆಮೇಲೆ ಒಳಮೈಯ ಮಾಂಸ ಹೆರೆಯಬೇಕು. ಇದಕ್ಕೆ ಯಂತ್ರವಿಲ್ಲ. ಐಸಿನ ಮೇಲೆ ಟ್ರೇ ಇಟ್ಟು, ಚರ್ಮವನ್ನು ಬೆನ್ನುಮೇಲಾಗಿ ಹಾಸಿ, ಚಾಕುವಿನ ಬೆನ್ನಿನಿಂದ ಬಾಲದ ಕಡೆಯಿಂದ ತಲೆಯ ಕಡೆಗೆ ಎಳೆಯುವುದು. ತಿರುಗಿಸಿ ಹಾಕಿದರೆ ಒಳಗೆ ಕೆಂಪು ಮಾಂಸದ ಗೆರೆ, ಅದರ ಪಕ್ಕ ಹಳದಿ ಕೊಬ್ಬು. ಈ ಕೊಬ್ಬೇ ಮುಂದಿನ ಎಲ್ಲ ತಾಪತ್ರಯಗಳ ಮೂಲ: ಗಾಳಿ ತಾಗಿ ಕಮಟುತ್ತದೆ, ಕೊನೆಯ ಪುಡಿಯವರೆಗೂ ಅದರ ವಾಸನೆ ಬಿಡುವುದಿಲ್ಲ. ಕೈಗವಸಿನೊಳಗೆ ಬೆರಳು ಮರಗಟ್ಟಿದರೂ ಹೆರೆಯುತ್ತಲೇ ಇರಬೇಕು. ಆಮೇಲೆ ಕತ್ತರಿಯಲ್ಲಿ ಉಗುರಗಲದ ಚೂರುಗಳಾಗಿ ಕತ್ತರಿಸುವುದು.

ಚೂರುಗಳು ಅವುಗಳ ಹತ್ತು ಪಟ್ಟು 0.1 ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣಕ್ಕೆ, ಅಂದರೆ ಲೀಟರಿಗೆ 4 ಗ್ರಾಂ ಹಾಕಿದ ನೀರಿಗೆ ಹೋಗುತ್ತವೆ. 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಕದಡುತ್ತ, ಕೆಲವು ಗಂಟೆಗೊಮ್ಮೆ ದ್ರಾವಣ ಬದಲಿಸುತ್ತ ಇರಬೇಕು. ಕೊಲಾಜೆನ್ ಅಲ್ಲದ ಪ್ರೋಟೀನುಗಳು, ಚರ್ಮದ ಬಣ್ಣ ಇದರಲ್ಲಿ ಬಿಟ್ಟುಹೋಗುತ್ತವೆ. ಮೊದಲ ನೀರು ಬೂದು ಬಣ್ಣಕ್ಕೆ ತಿರುಗಿ ನೊರೆಯಾಗುತ್ತದೆ. ಅದು ತಿಳಿಯಾಗುವ ತನಕ ಬಿಡುವಂತಿಲ್ಲ. ಕೊಬ್ಬು ತೆಗೆಯಲು ಶೇ. 10ರ ಬ್ಯೂಟೈಲ್ ಆಲ್ಕೋಹಾಲ್. ಆಮೇಲೆ ಪಿಎಚ್ 7ಕ್ಕೆ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಮಟ್ಟಕ್ಕೆ ಬರುವ ತನಕ ತಣ್ಣೀರಿನಲ್ಲಿ ತೊಳೆತ.

ನಮ್ಮ ಲ್ಯಾಬಿನಲ್ಲಿ ಇನ್ನೊಬ್ಬಳು ಕನ್ನಡದವಳಿದ್ದಳು, ಧಾರವಾಡದ ಕಡೆಯವಳು, ಮೊಟ್ಟೆಯನ್ನೂ ಮುಟ್ಟದವಳು. ಕೋಲ್ಡ್ ರೂಮಿನ ಒಂದು ಕಪಾಟಿನಲ್ಲಿ ಅವಳ ಬ್ಯಾಕ್ಟೀರಿಯಾ ಪ್ಲೇಟುಗಳು, ಇನ್ನೊಂದರಲ್ಲಿ ನನ್ನ ಬಕೆಟುಗಳು. "ಅಕ್ಕಾ, ಒಳಗ ಏನಿಟ್ಟೀಯವಾ? ಬಾಗ್ಲಾ ತಗದ್ರ ತಲಿ ತಿರಗತೈತಿ" ಅಂತ ಮೂಗು ಮುಚ್ಚಿಕೊಂಡೇ ಬರುತ್ತಿದ್ದಳು. ಆದರೆ ರಾತ್ರಿ ಹೊತ್ತು ದ್ರಾವಣ ಬದಲಿಸಲು ನಾನಿಲ್ಲದಿದ್ದಾಗ ಬದಲಿಸಿದವಳೂ ಅವಳೇ.

ಇಲ್ಲಿಂದ ದಾರಿ ಎರಡಾಗುತ್ತದೆ. ಒಂದು, ಹುರಿ ಬಿಚ್ಚದ ಹಾಗೆ ಅಖಂಡ ಕೊಲಾಜೆನ್ ತೆಗೆಯುವುದು. ಇನ್ನೊಂದು, ಬೇಕೆಂದೇ ಬಿಸಿ ಮಾಡಿ ಜೆಲಾಟಿನ್, ಅಂದರೆ ಹುರಿ ಬಿಚ್ಚಿದ ಕೊಲಾಜೆನ್, ತೆಗೆದು ಅದನ್ನು ಕಿಣ್ವದಿಂದ ತುಂಡರಿಸುವುದು. ಎರಡನ್ನೂ ಮಾಡಿ ನೋಡು ಅಂದರು ಗೈಡ್.

ಮೊದಲನೆಯದಕ್ಕೆ 0.5 ಮೋಲಾರ್ ಅಸೆಟಿಕ್ ಆಮ್ಲದಲ್ಲಿ ಚರ್ಮವನ್ನು ಮೂರು ದಿನ ತಣ್ಣಗೆ ಕದಡಬೇಕು. ನೋಡಲು ಚೆನ್ನಾಗಿರುವುದು ಈ ಹಂತವೇ. ಬಿಳುಚಿಕೊಂಡ ಚೂರು ಆಮ್ಲ ಕುಡಿದು ನಿಧಾನವಾಗಿ ಉಬ್ಬುತ್ತದೆ, ಅಂಚಿನಿಂದ ಒಳಗೆ ಪಾರದರ್ಶಕವಾಗುತ್ತ ಹೋಗುತ್ತದೆ. ಮರುದಿನ ನೋಡಿದರೆ ಬೇಸಿಗೆಯಲ್ಲಿ ಇಲ್ಲಿಯ ಫುಟ್‌ಪಾತಿನಲ್ಲಿ ಮಾರುವ ತಾಡ್‌ಗೋಳ ಎಂಬ ಎಳೆ ತಾಳೆಹಣ್ಣಿನ ತಿರುಳಿನಂತೆ ಬೀಕರಿನ ತುಂಬ ಅದೇ. ಮೂರನೆಯ ದಿನಕ್ಕೆ ದ್ರಾವಣ ಎಷ್ಟು ಅಂಟಾಗುತ್ತದೆಂದರೆ ಕದಡುವ ಮ್ಯಾಗ್ನೆಟ್ ಒಳಗೇ ಸಿಕ್ಕಿಕೊಂಡು ಒದ್ದಾಡುತ್ತದೆ. ಬಟ್ಟೆಯಲ್ಲಿ ಸೋಸಿ ಉಪ್ಪು ಹಾಕಿದರೆ ಬಿಳಿ ನೂಲಿನಂಥ ಎಳೆಗಳು ಮೇಲೇಳುತ್ತವೆ. ಅದೇ ಕೊಲಾಜೆನ್. ಅದನ್ನು ಸೆಂಟ್ರಿಫ್ಯೂಜಿನಲ್ಲಿ ಕೂರಿಸಿ, ಮತ್ತೆ ಆಮ್ಲದಲ್ಲಿ ಕರಗಿಸಿ, ಚಿಕ್ಕ ಅಣುಗಳನ್ನು ಮಾತ್ರ ಹೊರಬಿಡುವ ಡಯಾಲಿಸಿಸ್ ಚೀಲದಲ್ಲಿ ತುಂಬಿ ಉಪ್ಪು ಹೋಗುವ ತನಕ ನೀರು ಬದಲಿಸುವುದು.

ಆ ಮೂರೆಳೆಯ ಹುರಿಯ ಮಾದರಿಯನ್ನು 1954ರಲ್ಲಿ ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ಮುಂದಿಟ್ಟರು. ಪ್ರತಿ ಮೂರನೆಯ ಸ್ಥಾನದಲ್ಲಿ ಗ್ಲೈಸಿನ್, ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು. ಅಷ್ಟು ಚಿಕ್ಕದಲ್ಲದಿದ್ದರೆ ಮೂರು ಎಳೆಗಳು ಅಷ್ಟು ಬಿಗಿಯಾಗಿ ಹೆಣೆದುಕೊಳ್ಳಲು ಒಳಗೆ ಜಾಗವೇ ಇರುತ್ತಿರಲಿಲ್ಲ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲೊಂದು ವಿಭಾಗವನ್ನೇ ಕಟ್ಟಿದರು. ಕೊಲಾಜೆನ್ ಅಂದರೆ ಮುಖದ ಕ್ರೀಮು ಅಂದುಕೊಂಡವರಿಗೆ ಇದನ್ನು ಹೇಳುವುದು ನನಗೊಂದು ಚಾಳಿಯಾಗಿಬಿಟ್ಟಿದೆ.

ಆದರೆ ಪೆಪ್ಟೈಡ್ ಬೇಕಾದವರಿಗೆ ಈ ದಾರಿ ಯಾಕೆ ಅಂತ ನನಗೆ ಈಗಲೂ ಅನಿಸುತ್ತದೆ. ಅಷ್ಟು ಜತನದಿಂದ ಕಾಪಾಡಿದ ಹುರಿಯನ್ನು ಕೊನೆಗೆ ಕಿಣ್ವದಿಂದ ಕತ್ತರಿಸುವುದೇ ಆದರೆ ಕಾಪಾಡಿದ್ದಕ್ಕೆ ಅರ್ಥವೇನು? ಗಾಯದ ಪಟ್ಟಿಗೋ, ಜೀವಕೋಶ ಬೆಳೆಸುವ ಹಂದರಕ್ಕೋ ಅಖಂಡ ಕೊಲಾಜೆನ್ನೇ ಬೇಕು, ಒಪ್ಪಿದೆ. ಕುಡಿಯುವ ಪುಡಿಗೆ ಬೇಡ.

ಎರಡನೆಯ ದಾರಿ ಅಡುಗೆಮನೆಯ ಕೆಲಸಕ್ಕೆ ಹತ್ತಿರ. ತೊಳೆದ ಚರ್ಮವನ್ನು ತೆಳು ಆಮ್ಲದಲ್ಲಿ ಸ್ವಲ್ಪ ಉಬ್ಬಿಸಿ, ಮತ್ತೆ ತೊಳೆದು, 50 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಕೆಲವು ಗಂಟೆ ಇಟ್ಟರೆ ಜೆಲಾಟಿನ್ ನೀರಿಗೆ ಬರುತ್ತದೆ. ಸೋಸಿ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗುತ್ತದೆ. ಮೀನುಸಾರು ರಾತ್ರಿ ಕಳೆದು ಬೆಳಿಗ್ಗೆ ಪಾತ್ರೆಯಲ್ಲಿ ಹೆಪ್ಪಾಗಿರುವುದನ್ನು ಕಂಡವರಿಗೆಲ್ಲ ಇದು ಗೊತ್ತು.

ಜೆಲಾಟಿನ್ ದ್ರಾವಣ 55 ಡಿಗ್ರಿಗೆ, ಪಿಎಚ್ 8ಕ್ಕೆ ಬಂದ ಮೇಲೆ ಅಲ್ಕಲೇಸ್ ಹಾಕುವುದು. ಇದು ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ, ಕಂದು ಬಣ್ಣದ ದ್ರವ, ಪ್ರೋಟೀನಿನ ಶೇ. 1ರಿಂದ 2ರಷ್ಟು ಸಾಕು. ಇಡೀ ಪ್ರಕ್ರಿಯೆಯಲ್ಲಿ ನನಗೆ ಅತಿ ಇಷ್ಟವಾದ ಗಂಟೆ ಇದು. ಒಂದು ಕೈ ಬ್ಯೂರೆಟ್ಟಿನ ತಿರುಪಿನ ಮೇಲೆ, ಕಣ್ಣು ಪಿಎಚ್ ಮೀಟರಿನ ಮೇಲೆ. ಕಿಣ್ವ ಬಿದ್ದ ಕೂಡಲೇ 8.00 ಇದ್ದದ್ದು 7.96, 7.91 ಅಂತ ಇಳಿಯತೊಡಗುತ್ತದೆ. ಅಮೈನೋ ಆಮ್ಲಗಳನ್ನು ಜೋಡಿಸಿದ ಕೊಂಡಿಯೊಂದು ಕಡಿದಾಗಲೆಲ್ಲ ಆ ಪಿಎಚ್‌ನಲ್ಲಿ ಆಮ್ಲ ಬಿಡುಗಡೆಯಾಗುತ್ತದೆ. ಅದಕ್ಕೆ ಸರಿಯಾಗಿ ಕಾಸ್ಟಿಕ್ ಸೋಡಾ ಹನಿ ಹನಿ ಬಿಟ್ಟು 8ಕ್ಕೇ ಹಿಡಿದಿಡಬೇಕು. ಮೊದಲ ಹತ್ತು ನಿಮಿಷ ಕೈ ಬಿಡುವಂತಿಲ್ಲ. ಆಮೇಲೆ ಹನಿಗಳ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ. ಗಂಟೆ ದಾಟುವಷ್ಟರಲ್ಲಿ ಮೀಟರು ಅಲುಗಾಡದೆ ನಿಲ್ಲುತ್ತದೆ. ಅಂಟಂಟಾಗಿದ್ದ ದ್ರಾವಣ ಅಷ್ಟರಲ್ಲಿ ನೀರಿನಂತೆ ತೆಳ್ಳಗಾಗಿ, ಫ್ರಿಜ್ಜಿನಲ್ಲಿಟ್ಟರೂ ಹೆಪ್ಪುಗಟ್ಟದ ಸ್ಥಿತಿಗೆ ಬಂದಿರುತ್ತದೆ.

ಸುರಿದ ಸೋಡಾದ ಲೆಕ್ಕವೇ ಕಡಿದ ಕೊಂಡಿಗಳ ಲೆಕ್ಕ. ಒಂದು ಗ್ರಾಂ ಜೆಲಾಟಿನ್ನಿನಲ್ಲಿ ಸುಮಾರು 11.1 ಮಿಲಿಮೋಲ್ ಪೆಪ್ಟೈಡ್ ಕೊಂಡಿಗಳಿರುತ್ತವೆ. ಅದರಲ್ಲಿ ನೂರಕ್ಕೆ ಎಷ್ಟು ತುಂಡಾದವು ಅನ್ನುವುದು ಇದರಿಂದ ಸಿಗುತ್ತದೆ. ಬೇರೆ ಪರೀಕ್ಷೆ ಬೇಡ, ಬ್ಯೂರೆಟ್ಟೇ ಹೇಳುತ್ತದೆ. ಆಮೇಲೆ 90 ಡಿಗ್ರಿ ದಾಟಿಸಿ ಹತ್ತು ಹದಿನೈದು ನಿಮಿಷ ಇಟ್ಟರೆ ಕಿಣ್ವದ ಕತೆ ಮುಗಿಯಿತು. ಸೆಂಟ್ರಿಫ್ಯೂಜ್, ಸೋಸುವಿಕೆ, ವಾಸನೆ ಹೀರಲು ಸಕ್ರಿಯ ಇದ್ದಿಲು.

ಮುಂದಿನದು ಅಲ್ಟ್ರಾಫಿಲ್ಟ್ರೇಶನ್, ಅತಿ ಸೂಕ್ಷ್ಮ ರಂಧ್ರಗಳ ಪೊರೆಯಲ್ಲಿ ಸೋಸುವುದು. ಅಖಂಡ ಕೊಲಾಜೆನ್ ಸುಮಾರು 300 ಕಿಲೋಡಾಲ್ಟನ್ ತೂಕದ ಅಣು (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ). ನಮಗೆ ಬೇಕಾದದ್ದು 3 ಕಿಲೋಡಾಲ್ಟನ್‌ಗಿಂತ ಕೆಳಗಿನ ತುಂಡುಗಳು. ಜೀವಕ್ರಿಯೆಗಳ ಮೇಲೆ ಪರಿಣಾಮ ಬೀರುವ ಗುಣ ಹೆಚ್ಚಾಗಿ ಅವುಗಳಲ್ಲೇ ಕಾಣುವುದು. ಹಾಗಾಗಿ ಪೊರೆಯ ಮೇಲೆ ಉಳಿದದ್ದನ್ನು ಬಿಟ್ಟು, ದಾಟಿ ಬಂದದ್ದನ್ನು ಹಿಡಿಯಬೇಕು. ದಾಟಿ ಬರುವುದರಲ್ಲಿ ಉಪ್ಪೂ ಇರುತ್ತದೆ. ಆ ಒಂದು ಗಂಟೆ ಹನಿ ಹನಿ ಹಾಕಿದ ಸೋಡಾ, ಕೊನೆಗೆ ಪಿಎಚ್ 7ಕ್ಕೆ ತರಲು ಹಾಕಿದ ಹೈಡ್ರೋಕ್ಲೋರಿಕ್ ಆಮ್ಲ, ಎರಡೂ ಸೇರಿದರೆ ಅಡುಗೆ ಉಪ್ಪೇ. ಜೆಲಾಟಿನ್ ಆಗಿದ್ದರೆ ಡಯಾಲಿಸಿಸ್ ಚೀಲದಲ್ಲಿ ಹಾಕಿ ಉಪ್ಪನ್ನು ಕಳೆಯಬಹುದಿತ್ತು. ಪೆಪ್ಟೈಡನ್ನು ಹಾಕಿದರೆ ಉಪ್ಪಿನ ಜೊತೆ ಅದೂ ಹೊರಗೆ ಹೋಗುತ್ತದೆ. ಪುಡಿಯನ್ನು ಮೂಸೆಯಲ್ಲಿ ಹಾಕಿ 550 ಡಿಗ್ರಿಯ ಕುಲುಮೆಯಲ್ಲಿ ಸುಟ್ಟು ನೋಡಿದರೆ ಮೊದಲು ಕಪ್ಪಾಗಿ ಉಬ್ಬಿ, ಕೊನೆಗೆ ತಳದಲ್ಲಿ ಬಿಳಿ ಬೂದಿ ಉಳಿಯುತ್ತಿತ್ತು. ನಾಲಿಗೆಗೆ ಗೊತ್ತಾಗುವಷ್ಟು ಉಪ್ಪು ಇತ್ತೆಂಬುದಕ್ಕೆ ಅದೇ ಲೆಕ್ಕ.

ಒಣಗಿಸುವುದು ಲಯೋಫಿಲೈಸರಿನಲ್ಲಿ, ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ. ಹೊರಬರುವಾಗ ಹತ್ತಿಯಷ್ಟು ಹಗುರವಾದ ಬಿಳಿ ನೊರೆ. ಬಕೆಟ್ ಚರ್ಮಕ್ಕೆ ಒಂದು ಬಾಟಲಿಯೂ ತುಂಬುವುದಿಲ್ಲ. ಜುಲೈ ತಿಂಗಳಲ್ಲಿ ಆ ಫ್ಲಾಸ್ಕಿನ ಮುಚ್ಚಳ ತೆಗೆದು ತೂಕ ಮಾಡುವುದು ಒಂದು ಸರ್ಕಸ್. ಪೆಪ್ಟೈಡ್ ಚಿಕ್ಕದಾದಷ್ಟೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತಕ್ಕಡಿಯ ಮೇಲಿಟ್ಟರೆ ಕೊನೆಯ ಅಂಕಿ ಏರುತ್ತಲೇ ಇರುತ್ತದೆ. ಸ್ಪ್ಯಾಚುಲಾದ ತುದಿಗೆ ಅಂಟಿದ್ದು ನೋಡನೋಡುತ್ತಲೇ ಕುಗ್ಗಿ, ಹಳದಿ ಛಾಯೆಯ ಅಂಟಾಗಿಬಿಡುತ್ತದೆ. ಏಸಿ ಕೋಣೆ, ಸಿಲಿಕಾ ಜೆಲ್, ಮೊದಲೇ ತೂಗಿಟ್ಟ ಚಿಕ್ಕ ಚಿಕ್ಕ ಬಾಟಲಿ, ಇಷ್ಟಿಲ್ಲದೆ ಮುಂಬೈ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು.

ಪುಡಿ ಬಂದ ಮೇಲೆ ಅಸಲಿ ಪ್ರಶ್ನೆ: ಇದರಲ್ಲಿ ಇರುವುದು ಏನು? ಪ್ರೋಟೀನ್ ಅಳೆಯಲು ಎಲ್ಲರೂ ಮಾಡುವುದು ಕೆಲ್ಡಾಲ್ ಪರೀಕ್ಷೆ. ಸಾರಜನಕ ಎಷ್ಟಿದೆ ನೋಡಿ 6.25ರಿಂದ ಗುಣಿಸುವುದು. ಸಾಮಾನ್ಯ ಪ್ರೋಟೀನಿನಲ್ಲಿ ಸಾರಜನಕ ಶೇ. 16 ಅಂತ ಹಿಡಿದ ಲೆಕ್ಕ ಅದು. ಕೊಲಾಜೆನ್ನಿನಲ್ಲಿ ಶೇ. 18ರಷ್ಟು ಇರುತ್ತದೆ, ಅದಕ್ಕೆ ಗುಣಕ 5.55. ಶುದ್ಧ ಜೆಲಾಟಿನ್ನನ್ನು 6.25ರಿಂದ ಗುಣಿಸಿದರೆ ನೂರು ಗ್ರಾಂ ಪುಡಿಯಲ್ಲಿ ನೂರಕ್ಕಿಂತ ಹೆಚ್ಚು ಗ್ರಾಂ ಪ್ರೋಟೀನ್ ಬಂದು ಕೂರುತ್ತದೆ! ಹೊರಗಿನ ಒಂದು ಲ್ಯಾಬಿಗೆ ಕಳಿಸಿದ ಸ್ಯಾಂಪಲ್ಲಿನ ವರದಿ 6.25ರ ಲೆಕ್ಕದಲ್ಲೇ ಬಂತು. ಫೋನ್ ಮಾಡಿದರೆ "ಮೇಡಂ, ಎಲ್ಲರೂ ಅದನ್ನೇ ಕೇಳೋದು" ಅಂದರು. ಹೆಚ್ಚು ಕಾಣುವ ಸಂಖ್ಯೆಯ ಬಗ್ಗೆ ಯಾರು ತಾನೇ ತಕರಾರು ಮಾಡುತ್ತಾರೆ.

ನಂಬಿಕೆಗೆ ಅರ್ಹವಾದದ್ದು ಹೈಡ್ರಾಕ್ಸಿಪ್ರೋಲಿನ್ ಪರೀಕ್ಷೆ. ಆ ಅಮೈನೋ ಆಮ್ಲ ಕೊಲಾಜೆನ್ ಬಿಟ್ಟು ಬೇರೆ ಪ್ರೋಟೀನುಗಳಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಪುಡಿಯನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಗೆ ಇಡೀ ದಿನ ಬೇಯಿಸಿ, ಕ್ಲೋರಮಿನ್-ಟಿ ಹಾಕಿ, ಎರ್ಲಿಕ್ ದ್ರಾವಣ ಸೇರಿಸಿ ಬಿಸಿ ಮಾಡಿದರೆ ಗುಲಾಬಿ ಬಣ್ಣ ಬರುತ್ತದೆ. ಆ ಬಣ್ಣದ ಗಾಢತೆಯಿಂದ ಪ್ರಮಾಣ. ಇನ್ನೊಂದು ಸುಲಭದ ಸೂಚನೆಯೂ ಇದೆ: 280 ನ್ಯಾನೋಮೀಟರಿನಲ್ಲಿ ಎಲ್ಲ ಪ್ರೋಟೀನುಗಳೂ ಬೆಳಕು ಹೀರುತ್ತವೆ ಅಂತ ಓದಿರುತ್ತೇವಲ್ಲ, ಕೊಲಾಜೆನ್ ಅಲ್ಲಿ ಹೆಚ್ಚುಕಡಿಮೆ ಮೌನ. ಟ್ರಿಪ್ಟೋಫಾನ್ ಅದರಲ್ಲಿಲ್ಲ, ಟೈರೋಸಿನ್ ತೀರ ಕಡಿಮೆ. ಅಲ್ಲಿ ದೊಡ್ಡ ಏರು ಕಂಡರೆ ಮಾಂಸ ಸರಿಯಾಗಿ ಹೆರೆದಿಲ್ಲ ಅಂತಲೇ ಅರ್ಥ.

ಇನ್ನು 'ಬಯೋಆಕ್ಟಿವ್', ಅಂದರೆ ದೇಹದಲ್ಲಿ ಪರಿಣಾಮ ಬೀರುವಂಥದ್ದು, ಅನ್ನುವ ಹಣೆಪಟ್ಟಿ. ಅದಕ್ಕೆ ಮೊದಲ ಮೆಟ್ಟಿಲು ಆ್ಯಂಟಿಆಕ್ಸಿಡೆಂಟ್ ಗುಣ ನೋಡುವ ಡಿಪಿಪಿಎಚ್ ಪರೀಕ್ಷೆ. ನೇರಳೆ ಬಣ್ಣದ ದ್ರಾವಣಕ್ಕೆ ಪೆಪ್ಟೈಡ್ ಹಾಕಿ ಅರ್ಧ ಗಂಟೆ ಕತ್ತಲೆಯಲ್ಲಿಟ್ಟರೆ ಬಣ್ಣ ಮಾಸುತ್ತದೆ. 517 ನ್ಯಾನೋಮೀಟರಿನಲ್ಲಿ ಎಷ್ಟು ಮಾಸಿತು ನೋಡುವುದು. ಪಕ್ಕದಲ್ಲಿ ವಿಟಮಿನ್ ಸಿ ಇಟ್ಟ ಕೊಳವೆ ಚಿಟಿಕೆ ಹೊಡೆಯುವುದರೊಳಗೆ ಹಳದಿಯಾಗುತ್ತದೆ, ನಮ್ಮದು ಹೆಚ್ಚು ಪ್ರಮಾಣ ಹಾಕಿದರೂ ತಿಣುಕುತ್ತದೆ. ರಕ್ತದೊತ್ತಡಕ್ಕೆ ಸಂಬಂಧಪಟ್ಟ ಏಸಿಇ ಕಿಣ್ವವನ್ನು ತಡೆಯುವ ಪರೀಕ್ಷೆಯಲ್ಲಿ 3 ಕಿಲೋಡಾಲ್ಟನ್ ಕೆಳಗಿನ ಭಾಗ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಎರಡೂ ಗಾಜಿನ ಕೊಳವೆಯ ಮಾತು. ತಿಂದದ್ದು ಹೊಟ್ಟೆ, ಕರುಳು ದಾಟಿ ರಕ್ತಕ್ಕೆ ಹೋಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಜೆಲಾಟಿನ್ ಪೆಪ್ಟೈಡ್ ಕುಡಿದವರ ರಕ್ತದಲ್ಲಿ ಪ್ರೋಲಿನ್-ಹೈಡ್ರಾಕ್ಸಿಪ್ರೋಲಿನ್ ಜೋಡಿ ಹಾಗೇ ಸಿಗುತ್ತದೆ ಎಂದು 2005ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಕೊಲಾಜೆನ್ ಪುಡಿಯೆಲ್ಲ ಬರೀ ಮೋಸ ಅನ್ನುವವರಿಗೆ ಅದನ್ನು ತೋರಿಸುತ್ತೇನೆ. ಅದರಿಂದ ಮುಖದ ಸುಕ್ಕು ಹೋಗುತ್ತದೆ ಅನ್ನುವವರಿಗೆ, ರಕ್ತದಲ್ಲಿ ಕಂಡದ್ದು ಚರ್ಮದಲ್ಲಿ ಏನು ಮಾಡಿತು ಅಂತ ಆ ಪ್ರಯೋಗ ಹೇಳಿಲ್ಲ ಅನ್ನುತ್ತೇನೆ.

ಅಂಧೇರಿಯ ದೊಡ್ಡಮ್ಮನಿಗೆ ಮೊಣಕಾಲು ನೋವು. "ನೀನೇ ಮಾಡುದಲ್ವಾ, ಒಂದು ಬಾಟ್ಲಿ ತಂದುಕೊಡು ಮಾರಾಯ್ತಿ" ಅಂತ ಪ್ರತಿ ಭಾನುವಾರ ಕೇಳುತ್ತಾರೆ. ಬ್ಯೂಟೈಲ್ ಆಲ್ಕೋಹಾಲಿನಲ್ಲಿ ತೊಳೆದ, ತಿನ್ನುವ ಪದಾರ್ಥದ ಯಾವ ಪರೀಕ್ಷೆಯೂ ಆಗದ ಲ್ಯಾಬ್ ಪುಡಿಯನ್ನು ಕೊಡುವ ಮಾತೇ ಇಲ್ಲ. ಧಾರವಾಡದವಳು ಇನ್ನೊಂದು ದಿನ ಅವಳ ಅತ್ತಿಗೆ ತಂದಿಟ್ಟ 'ವೆಜ್ ಕೊಲಾಜೆನ್' ಡಬ್ಬಿಯ ಫೋಟೋ ಕಳಿಸಿದಳು. ಗಿಡಗಳಲ್ಲಿ ಕೊಲಾಜೆನ್ ಇರುವುದೇ ಇಲ್ಲ. ಡಬ್ಬಿಯ ಹಿಂದೆ ಓದಿದರೆ ವಿಟಮಿನ್ ಸಿ ಮತ್ತು ಕೆಲವು ಅಮೈನೋ ಆಮ್ಲಗಳು. "ಹಂಗಾರ ಇದಕ್ಕಿಂತ ನಿನ್ನ ನಾತದ ಬಕೆಟ್ಟೇ ಖರೇ ಬಿಡು" ಅಂದಳು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಘೋಳ್ ಇಲ್ಲ. ಆ ಹೊತ್ತಿಗೆ ಆಂಧ್ರದ ಕೆರೆಗಳಲ್ಲಿ ಸಾಕಿದ ಬಾಸಾ ಎಂಬ ಮೀನಿನ ಚರ್ಮ ಹಿಡಿದೆವು. ಅದಕ್ಕೆ ಹುರುಪೆಯೇ ಇಲ್ಲ, ಹೆರೆಯುವ ಕೆಲಸ ಅರ್ಧಕ್ಕರ್ಧ ಕಡಿಮೆ. ಕೊಬ್ಬು ಮಾತ್ರ ಜಾಸ್ತಿ. ಬೆಚ್ಚನೆಯ ಸಿಹಿನೀರಿನ ಮೀನಾದ್ದರಿಂದ ಕೊಲಾಜೆನ್ನೂ ಬಿಸಿಯನ್ನು ಹೆಚ್ಚು ತಡೆಯುತ್ತದೆ.

ಉಪ್ಪಿನ ಕಾಟಕ್ಕೆ ಈಗ ಪಪೇನ್ ಬಳಸಿ ನೋಡುತ್ತಿದ್ದೇವೆ. ಹಸಿ ಪಪ್ಪಾಯಿಯ ಹಾಲಿನಲ್ಲಿರುವ ಕಿಣ್ವ. ಕಬಾಬಿನವರು ಮಾಂಸಕ್ಕೆ ಪಪ್ಪಾಯಿ ಅರೆದು ಹಚ್ಚುವುದು ಇದಕ್ಕಾಗಿಯೇ. ಪಿಎಚ್ 6, 7ರ ಸುತ್ತ ಕೆಲಸ ಮಾಡುತ್ತದೆ, ಸೋಡಾ ಸುರಿಯಬೇಕಾಗಿಲ್ಲ. ಬೂದಿ ನಿಜಕ್ಕೂ ಕಡಿಮೆಯಾಯಿತು. ಆದರೆ ಸೋಡಾ ಇಲ್ಲವೆಂದರೆ ಕೊಂಡಿ ಎಣಿಸುವ ಬ್ಯೂರೆಟ್ಟೂ ಇಲ್ಲ. ಬದಲಿಗೆ ಓಪಿಎ ಎಂಬ ರಾಸಾಯನಿಕದಿಂದ, ಕಡಿದ ತುದಿಗಳ ಅಮೈನೋ ಗುಂಪುಗಳನ್ನು 340 ನ್ಯಾನೋಮೀಟರಿನಲ್ಲಿ ಎಣಿಸಬೇಕು. ಪ್ರೋಲಿನ್ ಅಥವಾ ಹೈಡ್ರಾಕ್ಸಿಪ್ರೋಲಿನ್ ತುದಿಗೆ ಬಂದರೆ ಓಪಿಎಗೆ ಅದು ಕಾಣುವುದೇ ಇಲ್ಲ, ಕೊಲಾಜೆನ್ ತುಂಬ ಇರುವುದೇ ಅವು. ಹಾಗಾಗಿ ಒಂದೇ ಜೆಲಾಟಿನ್ನನ್ನು ಅಲ್ಕಲೇಸ್ ಹಾಕಿ ಎರಡೂ ವಿಧಾನದಲ್ಲಿ ಅಳೆದು, ಓಪಿಎ ಎಷ್ಟು ಕಡಿಮೆ ಎಣಿಸುತ್ತದೆ ಅಂತ ಒಂದು ಪಟ್ಟಿ ಮಾಡುವುದು ಈ ವಾರದ ಕೆಲಸ.